ಮೊಬೈಲು ಮನೆಗೆ ಬಂತು, ಪಾಠ ಬಂತೇ?

2021ರ ಜೂನ್ ತಿಂಗಳು. ಕರಾವಳಿಯಲ್ಲಿ ಮಳೆಗಾಲ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆ ಬದಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಅವಳ ಮೇಲೆ ಹನಿ ಬೀಳದಂತೆ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ ಇಬ್ಬರೂ ಅಲ್ಲಿಗೆ ಬರಬೇಕಾಗಿತ್ತು. ಈ ಛಾಯಾಚಿತ್ರವನ್ನು ದೇಶದ ಉದ್ದಗಲಕ್ಕೂ ಜನ ನೋಡಿದರು. ಕೆಲವರು ತಂದೆಯ ಮಮತೆಯನ್ನು ಕೊಂಡಾಡಿದರು, ಕೆಲವರು ಟವರ್ ಇಲ್ಲದ್ದಕ್ಕೆ ಸಿಟ್ಟಾದರು. ಎರಡೂ ಸರಿಯೇ. ಆದರೆ ಆ ದಿನಗಳಲ್ಲಿ ಅಷ್ಟಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಇಷ್ಟು ಕಷ್ಟಪಟ್ಟು ಊರಿಗೆ ತರಿಸಿಕೊಂಡ ಪಾಠ ನಮ್ಮ ಮಕ್ಕಳಿಗೆ ನಿಜವಾಗಿ ಎಷ್ಟು ದಕ್ಕಿತು?

ಈ ಪ್ರಶ್ನೆ ಸುಳ್ಯದ್ದು ಮಾತ್ರವಲ್ಲ. ಕುಂದಾಪುರ ತಾಲೂಕಿನ ಕೆರಾಡಿಯಂಥ ಊರಿನದ್ದೂ ಹೌದು. ಘಟ್ಟದ ಬುಡದಲ್ಲಿ ಕಾಡು, ಗದ್ದೆ, ಅಡಿಕೆ ತೋಟಗಳ ನಡುವೆ ಹರಡಿಕೊಂಡಿರುವ ಈ ಊರನ್ನು 2022ರ ‘ಕಾಂತಾರ’ ಚಲನಚಿತ್ರದಿಂದಾಗಿ ಈಗ ದೂರದವರೂ ಬಲ್ಲರು. ಇಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹೊಳೆಯ ಆಚೆ. ಹೆತ್ತವರಿಗೆ ಓದಿನ ಮೇಲೆ ಆಸೆ ಬಹಳ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದದ್ದು ಸುಮ್ಮನೆ ಅಲ್ಲ. ಆದುದರಿಂದಲೇ ಶಾಲೆಯ ಪೋಷಕರ ಸಭೆಗಳಲ್ಲಿ ಈಗ ತಪ್ಪದೆ ಬರುವ ಪ್ರಶ್ನೆ ಇದು: “ಹ್ವಾಯ್ ಮಾಷ್ಟ್ರೇ, ಮಕ್ಕಳ ಕೈಗೆ ಮೊಬೈಲ್ ಕೊಡ್ಕಾ, ಬ್ಯಾಡ್ವಾ?”

ಒಂದೇ ಮಾತಿನಲ್ಲಿ ‘ಹೌದು’, ‘ಅಲ್ಲ’ ಎಂದು ಹೇಳಿಬಿಟ್ಟರೆ ಉಪಯೋಗವಿಲ್ಲ. ಯಂತ್ರದ ಮೂಲಕ ಹಳ್ಳಿಯ ಮಕ್ಕಳಿಗೆ ಪಾಠ ಮುಟ್ಟಿಸುವ ಪ್ರಯತ್ನ ನಮ್ಮ ನಾಡಿನಲ್ಲಿ ನಡೆಯುತ್ತಾ ಐವತ್ತು ವರ್ಷಗಳಾದವು. ಆ ಅನುಭವ ಏನು ಹೇಳುತ್ತದೆ ಎಂದು ನೋಡಿ ಆಮೇಲೆ ಉತ್ತರ ಹುಡುಕುವುದು ಒಳ್ಳೆಯದು.

ಗುಡ್ಡದ ನೆರಳು

ಮೊದಲು, ಪಾಠ ಮನೆಗೆ ಬಂದು ಮುಟ್ಟದಿರುವುದೇಕೆ ಎಂಬುದನ್ನು ಅರ್ಥ ಮಾಡಿಕೊಳ್ಳೋಣ. ರೇಡಿಯೋ, ಟಿ.ವಿ., ಮೊಬೈಲ್ ಮೂರಕ್ಕೂ ಸುದ್ದಿ ಹೊತ್ತು ತರುವುದು ಒಂದೇ ಜಾತಿಯ ವಿದ್ಯುತ್ಕಾಂತೀಯ ಅಲೆಗಳು. ಇವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ವ್ಯತ್ಯಾಸವಿರುವುದು ಅಲೆಯ ಉದ್ದದಲ್ಲಿ. 600 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ರೇಡಿಯೋ ಅಲೆಯ ಉದ್ದ 500 ಮೀಟರ್. 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ. ಉದ್ದದ ಅಲೆ ಗುಡ್ಡವನ್ನು ಬಳಸಿ, ನೆಲಕ್ಕೆ ಒರಗಿಕೊಂಡಂತೆ ಬಾಗಿ ಆಚೆ ಬದಿಗೂ ಇಳಿಯಬಲ್ಲದು. ಗಿಡ್ಡ ಅಲೆ ಅಷ್ಟು ಬಾಗುವುದಿಲ್ಲ. ದೀಪದ ಎದುರು ಕಂಬ ನಿಂತರೆ ಹಿಂದೆ ನೆರಳು ಬೀಳುವಂತೆ ಗುಡ್ಡದ ಹಿಂದೆ ಮೊಬೈಲ್ ಅಲೆಗೂ ‘ನೆರಳು’ ಬೀಳುತ್ತದೆ. ದಟ್ಟ ಕಾಡಿನ ಎಲೆಗಳಲ್ಲಿರುವ ನೀರೂ ಅಲೆಯ ಶಕ್ತಿಯನ್ನು ಹೀರುತ್ತದೆ. ಅಜ್ಜನ ಕಾಲದ ರೇಡಿಯೋ ಹಾಡುತ್ತಿದ್ದ ಮನೆಯಲ್ಲಿ ಮೊಮ್ಮಗನ ಮೊಬೈಲು ಮೌನವಾಗಿರುವುದರ ಗುಟ್ಟು ಇದೇ.

ಮಳೆಗಾಲದಲ್ಲಿ ಏನಾಗುತ್ತದೆ? ಮಳೆಹನಿಗಳು ಮೊಬೈಲ್ ಅಲೆಯನ್ನು ತಡೆಯುವುದು ತೀರಾ ಕಡಿಮೆ. ಮಳೆಯಲ್ಲಿ ನೆಟ್‌ವರ್ಕ್ ಹೋಗುವುದು ಹೆಚ್ಚಾಗಿ ಬೇರೆ ಕಾರಣಕ್ಕೆ: ಗಾಳಿಗೆ ಮರ ಬಿದ್ದು ತಂತಿ ತುಂಡಾಗುತ್ತದೆ, ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ನಡೆದು ನಿಲ್ಲುತ್ತದೆ. ಆದರೆ ಮನೆಯ ಮಾಡಿನ ಮೇಲಿರುವ ಟಿ.ವಿ. ಡಿಶ್‌ನ ಕತೆ ಬೇರೆ. ಅದಕ್ಕೆ ಉಪಗ್ರಹದಿಂದ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಹನಿಗಳ ಮಳೆ ಚೆನ್ನಾಗಿಯೇ ಹೀರಿಬಿಡುತ್ತದೆ. ಆಷಾಢದ ಮಳೆ ಜೋರಾದಾಗ ಟಿ.ವಿ. ಚಿತ್ರ ಚೂರುಚೂರಾಗಿ ನಿಂತುಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮಂಥ ಸೀಮೆಗೆ ಬಯಲುಸೀಮೆಯ ಯೋಜನೆ ಹಾಗೆಹಾಗೆಯೇ ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಐವತ್ತು ವರ್ಷಗಳ ಹಿಂದೆ

ಬಯಲುಸೀಮೆಯ ಯೋಜನೆ ಎಂದಾಗ ಮೊದಲು ನೆನಪಾಗುವುದು ‘ಸೈಟ್’ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಭಾರತ ಬಳಸಿಕೊಂಡಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಮಾತು, ಅದೂ ಕನ್ನಡದಲ್ಲಿ. ಕೋಳಿಗೂಡಿಗೆ ಹಾಕುವಂಥ ಜಾಲರಿ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ ಶಾಲೆಯ ಬಳಿ ನಿಂತಿತು. ಅದೆಷ್ಟೋ ಹಳ್ಳಿಗರು ಟಿ.ವಿ. ಎಂಬುದನ್ನು ನೋಡಿದ್ದು ಅದೇ ಮೊದಲು.

ಈ ಪ್ರಯೋಗದ ಹಿಂದಿದ್ದ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರವನ್ನು ಆಗ ನಡೆಸುತ್ತಿದ್ದವರು ವಿಜ್ಞಾನಿ ಪ್ರೊ. ಯಶ್‌ಪಾಲ್. ಅಲ್ಲಿನವರು ಮಾಡಿದ ಒಂದು ಜಾಣ ಕೆಲಸವನ್ನು ಜನ ಮರೆತೇಬಿಟ್ಟಿದ್ದಾರೆ. ಅದೇ ಉಪಗ್ರಹವನ್ನು ರಜೆಯ ದಿನಗಳಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ಶಿಕ್ಷಕರ ತರಬೇತಿಗೆ ಬಳಸಿಕೊಂಡರು. ಸುಮಾರು 50,000 ಶಿಕ್ಷಕರು ಟಿ.ವಿ., ರೇಡಿಯೋ, ಪುಸ್ತಕ ಹಾಗೂ ಕೈಯಾರೆ ಮಾಡುವ ಪ್ರಯೋಗಗಳ ಮೂಲಕ ತರಬೇತಿ ಪಡೆದರು. ಮಕ್ಕಳಿಗೆ ತೆರೆಯ ಮೇಲೆ ತೋರಿಸಿದ್ದು ವರ್ಷದ ಕೊನೆಗೆ ನಿಂತುಹೋಯಿತು, ಏಕೆಂದರೆ ಉಪಗ್ರಹವನ್ನು ಹಿಂದಿರುಗಿಸಬೇಕಿತ್ತು. ಶಿಕ್ಷಕರ ತಲೆಗೆ ಹೋದದ್ದನ್ನು ಯಾರೂ ಹಿಂದಕ್ಕೆ ಒಯ್ಯುವಂತಿರಲಿಲ್ಲ.

ಆಮೇಲೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ‘ಎಜುಸ್ಯಾಟ್’ ಹಾರಿತು. ಸುಮಾರು 1950 ಕಿಲೋಗ್ರಾಂ ತೂಕದ ಇದು ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಬಳಸುವ ಆರಂಭದ ಪ್ರಯೋಗ ನಡೆದದ್ದು ನಮ್ಮದೇ ರಾಜ್ಯದ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಶಾಲೆಗಳಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಉಪಗ್ರಹದ ಮೂಲಕ ಪಾಠ ಹೋಯಿತು. 2010ರಲ್ಲಿ ಎಜುಸ್ಯಾಟ್‌ನ ಸೇವೆ ಮುಗಿಯಿತು. ಉಪಗ್ರಹಕ್ಕೆ ಆಯುಷ್ಯವಿದೆ, ಡಿಶ್‌ಗೆ, ಟಿ.ವಿ.ಗೆ, ಬ್ಯಾಟರಿಗೂ ಇದೆ. ಕೊಂಡು ತರುವಾಗ ಇರುವ ಉತ್ಸಾಹ ಕೆಟ್ಟಾಗ ದುರಸ್ತಿ ಮಾಡುವುದಕ್ಕೂ ಇರಬೇಕು. ಇಲ್ಲವಾದರೆ ಎಷ್ಟೇ ಬೆಲೆಯ ಯಂತ್ರವಾದರೂ ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತದೆ.

ಬಡ ದೇಶಗಳಿಗೆ ಇವೆಲ್ಲಕ್ಕಿಂತ ಅಗ್ಗದಲ್ಲಿ ಒದಗಿದ್ದು ರೇಡಿಯೋ. 1970ರ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ರೇಡಿಯೋದಿಂದ ಗಣಿತ ಕಲಿಸುವ ಪ್ರಯೋಗ ನಡೆಯಿತು. ಅದರ ವಿಶೇಷವೆಂದರೆ ರೇಡಿಯೋ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಬೇಕು, ಆಮೇಲೆ ರೇಡಿಯೋ ಸರಿಯುತ್ತರ ಹೇಳುತ್ತದೆ. ಇದೇ ಬಗೆಯ ‘ಚಿನ್ನರ ಚುಕ್ಕಿ’ ಎಂಬ ಕಾರ್ಯಕ್ರಮ 2000ದ ದಶಕದಲ್ಲಿ ನಮ್ಮ ಶಾಲೆಗಳಿಗೂ ಆಕಾಶವಾಣಿಯ ಮೂಲಕ ಬಂತು. ಮಕ್ಕಳು ಹಾಡಿದರು, ಕುಣಿದರು, ಲೆಕ್ಕ ಹೇಳಿದರು. ಅದು ಕೇವಲ ಕೇಳಿಸಲಿಲ್ಲ, ಮಕ್ಕಳಿಂದ ಮಾಡಿಸಿತು.

2020ರ ಪಾಠ

2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಈ ಹಳೆಯ ಪ್ರಶ್ನೆಗಳೆಲ್ಲ ಒಮ್ಮೆಗೇ ಎದುರು ಬಂದು ನಿಂತವು. ರಾಜ್ಯ ಸರಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಆರಂಭಿಸಿತು. ಜತೆಗೆ ‘ವಿದ್ಯಾಗಮ’ ಎಂಬ ಯೋಜನೆ ಬಂತು. ಇದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಮನೆಯಲ್ಲಿ ಮೊಬೈಲೇ ಇಲ್ಲದವರು, ಸಾದಾ ಮೊಬೈಲ್ ಇರುವವರು, ಇಂಟರ್‌ನೆಟ್ ಇರುವ ಮೊಬೈಲ್ ಉಳ್ಳವರು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಮನೆಯ ಜಗಲಿ, ದೇವಸ್ಥಾನದ ಪೌಳಿ, ಮರದ ನೆರಳುಗಳಲ್ಲಿ ‘ವಠಾರ ಶಾಲೆ’ ನಡೆಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು.

ಆಗ ಮೂರನೆಯ ಗುಂಪಿಗೆ ಸೇರಿದ್ದ ಮಕ್ಕಳೆಲ್ಲ ಅದೃಷ್ಟವಂತರು ಎಂದು ನಾವು ತಿಳಿದಿದ್ದೆವು. ಮನೆಯೊಳಗೆ ಇಣುಕಿ ನೋಡಿದರೆ ಚಿತ್ರ ಬೇರೆಯೇ ಇರುತ್ತಿತ್ತು. ಮನೆಗೆ ಒಂದೇ ಮೊಬೈಲು, ಅದೂ ಕೆಲಸಕ್ಕೆ ಹೋದ ಅಪ್ಪನ ಕಿಸೆಯಲ್ಲಿ. ಅವರು ಸಂಜೆ ಮನೆಗೆ ಬರುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಅಣ್ಣನಿಗೂ ತಂಗಿಗೂ ಒಂದೇ ಹೊತ್ತಿಗೆ ತರಗತಿ ಇದ್ದರೆ ಮೊಬೈಲು ಅಣ್ಣನ ಕೈಗೆ, ತಂಗಿಗೆ ಪಾತ್ರೆ ತೊಳೆಯುವ ಕೆಲಸ. ಗೇರುಬೀಜದ ಕಾರ್ಖಾನೆಗೆ ಹೋಗುವ ಅಥವಾ ಬೀಡಿ ಕಟ್ಟುವ ತಾಯಿಗೆ ಪಕ್ಕದಲ್ಲಿ ಕೂತು ನೋಡುವಷ್ಟು ಬಿಡುವೆಲ್ಲಿ?

ಫಲಿತಾಂಶ ಏನಾಯಿತು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ 2ರಿಂದ 6ನೇ ತರಗತಿಯ 16,067 ಮಕ್ಕಳನ್ನು ಪರೀಕ್ಷಿಸಿದರು. ಶೇಕಡಾ 92 ಮಕ್ಕಳು ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಅಂಥವರು ಶೇಕಡಾ 82. ಹೊಸ ಪಾಠ ಬರಲಿಲ್ಲ ಎಂಬುದಷ್ಟೇ ಅಲ್ಲ, ಕಲಿತದ್ದೂ ಕೈಬಿಟ್ಟು ಹೋಗಿತ್ತು. 2022–23ರಲ್ಲಿ ರಾಜ್ಯದ ಶಾಲೆಗಳಲ್ಲಿ ‘ಕಲಿಕಾ ಚೇತರಿಕೆ’ ಎಂಬ ವಿಶೇಷ ಕಾರ್ಯಕ್ರಮ ಹಾಕಿಕೊಂಡು ಹಿಂದಿನ ತರಗತಿಗಳ ಕಲಿಕೆಯಿಂದಲೇ ಆರಂಭಿಸಬೇಕಾದದ್ದು ಇದಕ್ಕಾಗಿ.

ಪೆರುವಿನಲ್ಲಿ ಸೋಲು, ದೆಹಲಿಯಲ್ಲಿ ಗೆಲುವು

ಸಲಕರಣೆ ಕೊಟ್ಟರೆ ಸಾಕು, ಮಕ್ಕಳು ತಾವೇ ಕಲಿಯುತ್ತಾರೆ ಎಂಬ ನಂಬಿಕೆ ಬಹಳ ಜನರಿಗಿದೆ. ದಕ್ಷಿಣ ಅಮೆರಿಕದ ಪೆರು ದೇಶ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಅಲ್ಲಿನ ಹಳ್ಳಿ ಶಾಲೆಗಳ ಮಕ್ಕಳಿಗೆ ಪುಟ್ಟ ಲ್ಯಾಪ್‌ಟಾಪ್‌ಗಳನ್ನು ಹಂಚಿದರು. 319 ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಬಂತು. ಮಕ್ಕಳು ಕಂಪ್ಯೂಟರ್ ಬಳಸುವುದು ಹೆಚ್ಚಾಗಿತ್ತು, ನಿಜ. ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೆಹಲಿಯದ್ದು. 2015ರಲ್ಲಿ ಅಲ್ಲಿ ಶಾಲೆಯ ಸಮಯದ ಹೊರಗೆ ನಡೆಯುವ ಕೇಂದ್ರಗಳಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಪರೀಕ್ಷಿಸಿದರು. ಮೊದಲ ಪರೀಕ್ಷೆಯಲ್ಲಿ ಕಂಡುಬಂದದ್ದು ಆಘಾತಕಾರಿ ಸಂಗತಿ: 6ನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡಕ್ಕೂ ಹೆಚ್ಚು ತರಗತಿ ಹಿಂದಿದ್ದರು. ತಂತ್ರಾಂಶ ಪ್ರತಿಯೊಂದು ಮಗುವನ್ನೂ ಅದು ನಿಂತಲ್ಲಿಂದಲೇ ಕೈಹಿಡಿದು ನಡೆಸಿತು. ದಿನಕ್ಕೆ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಕಲಿಸುವ ಒಬ್ಬ ಸಹಾಯಕರ ಜತೆ ಪಾಠ. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋಗಿದ್ದರು.

ಪೆರುವಿನಲ್ಲೂ ದೆಹಲಿಯಲ್ಲೂ ಯಂತ್ರವಿತ್ತು. ದೆಹಲಿಯಲ್ಲಿ ಹೆಚ್ಚಿಗೆ ಇದ್ದದ್ದು ಎರಡು. ಪಾಠವು ತರಗತಿಯ ಹೆಸರನ್ನು ನೋಡದೆ ಮಗುವಿನ ಮಟ್ಟವನ್ನು ನೋಡಿತು. ಪಕ್ಕದಲ್ಲಿ ಒಬ್ಬರು ಮನುಷ್ಯರಿದ್ದರು. ಸೈಟ್ ಪ್ರಯೋಗದ ಶಿಕ್ಷಕರ ತರಬೇತಿ, ಚಿನ್ನರ ಚುಕ್ಕಿ, ವಠಾರ ಶಾಲೆ ಎಲ್ಲವೂ ಬೆರಳು ತೋರಿಸುವುದು ಇದೇ ದಿಕ್ಕಿಗೆ. ಯಂತ್ರ ಪಾಠವನ್ನು ಬಾಗಿಲ ತನಕ ತರುತ್ತದೆ. ಒಳಗೆ ಕರೆದುಕೊಳ್ಳಲು ಮನೆಯಲ್ಲೋ ಶಾಲೆಯಲ್ಲೋ ಒಬ್ಬರು ಬೇಕೇ ಬೇಕು.

ಕನ್ನಡದಲ್ಲಿ ಏನಿದೆ?

“ಎಲ್ಲ ಇಂಗ್ಲಿಷಿನಲ್ಲೇ ಇರುತ್ತದಲ್ಲ, ನಮ್ಮ ಮಕ್ಕಳಿಗೆ ಏನು ಪ್ರಯೋಜನ?” ಎಂದು ಕೇಳುವವರಿದ್ದಾರೆ. ಈಗ ಆ ಚಿಂತೆ ಅಷ್ಟು ಬೇಡ. ಪಠ್ಯಪುಸ್ತಕದ ಪುಟಗಳಲ್ಲಿ ಕಪ್ಪು ಬಿಳಿ ಚುಕ್ಕಿಗಳ ಸಣ್ಣ ಚೌಕ ಇರುತ್ತದೆ. ಅದೇ ಕ್ಯೂ.ಆರ್. ಸಂಕೇತ. 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ದೀಕ್ಷಾ’ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವೀಡಿಯೋ, ಪ್ರಶ್ನೆಗಳು ತೆರೆಯುತ್ತವೆ. ಹಣ ಕೊಡಬೇಕಾಗಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಎಲ್ಲರಿಗೂ ತೆರೆದಿದೆ. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡಲು ನಮ್ಮ ಕಚೇರಿಗಳಲ್ಲಿ ಬಳಸುವ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಮೂಲವಾದ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಎಂಬುದು ಕರಾವಳಿಯ ಮಕ್ಕಳಿಗೆ ತಿಳಿದಿರಲಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ‘ಫೆಟ್’ ಎಂಬುದು ಒಂದು ನಿಧಿ. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ವಿದ್ಯುನ್ಮಂಡಲ, ಲೋಲಕ, ಅಣು, ಬೆಳಕು ಹೀಗೆ ಹಲವು ವಿಷಯಗಳ ಪ್ರಯೋಗಗಳನ್ನು ತೆರೆಯ ಮೇಲೆ ಬೆರಳಿನಿಂದಲೇ ಮಾಡಬಹುದು. ಇವುಗಳಲ್ಲಿ ಅನೇಕವು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಡ.

ಜಗಲಿಯಲ್ಲೊಂದು ಪ್ರಯೋಗ

ವಿದ್ಯಾರ್ಥಿಗಳೇ, ಓದಿ ಬಿಡಬೇಡಿ, ಇದೊಂದನ್ನು ಮಾಡಿ ನೋಡಿ. ಒಂದು ಸಣ್ಣ ಕಲ್ಲಿಗೆ ದಾರ ಕಟ್ಟಿ ಜಗಲಿಯ ಪಕಾಸಿಗೆ ತೂಗುಬಿಡಿ. ಕಟ್ಟಿದ ಜಾಗದಿಂದ ಕಲ್ಲಿನ ನಡುವಿಗೆ ಸರಿಯಾಗಿ 1 ಮೀಟರ್ ಇರಲಿ. ಕಲ್ಲನ್ನು ಸ್ವಲ್ಪವೇ ಬದಿಗೆಳೆದು ಬಿಡಿ. ಅಪ್ಪನ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಕಲ್ಲು 20 ಬಾರಿ ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಬೇಕೆಂದು ಎಣಿಸಿ. ಸುಮಾರು 40 ಸೆಕೆಂಡು ಬರುತ್ತದೆ. ಈಗ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ. ಉದ್ದ ಕಾಲು ಭಾಗವಾಯಿತು, ಸಮಯ ಅರ್ಧವಾಗಿ 20 ಸೆಕೆಂಡಿಗೆ ಬಂತು! ಏಕೆ? ಕಲ್ಲನ್ನು ಬದಲಿಸಿ ಇನ್ನೂ ಭಾರದ್ದನ್ನು ಕಟ್ಟಿ, ನಡುವಿಗೆ ಅಷ್ಟೇ ಉದ್ದ ಇರುವಂತೆ ನೋಡಿಕೊಳ್ಳಿ. ಸಮಯ ಬದಲಾಗುವುದಿಲ್ಲ. ಅದೇಕೆ? ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಫೆಟ್‌ನ ಲೋಲಕ ಪ್ರಯೋಗವನ್ನು ತೆರೆಯಿರಿ. ಅದರಲ್ಲಿ ಭೂಮಿಯ ಬದಲು ಚಂದ್ರನನ್ನು ಆರಿಸಿಕೊಳ್ಳಿ. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಭಾಗ. ಅದೇ 1 ಮೀಟರ್ ಲೋಲಕ 20 ಬಾರಿ ಹೋಗಿ ಬರಲು ಅಲ್ಲಿ 100 ಸೆಕೆಂಡಿನ ಹತ್ತಿರ ಬೇಕು. ಜಗಲಿಯಲ್ಲಿ ಮಾಡಬಹುದಾದದ್ದನ್ನು ಜಗಲಿಯಲ್ಲೇ ಮಾಡಬೇಕು. ಚಂದ್ರನಲ್ಲಿ ಮಾಡುವುದಕ್ಕೆ ಮೊಬೈಲು ಬೇಕು. ಕಲ್ಲನ್ನು ಕೈಯಾರೆ ತೂಗಿದ ಮಗುವಿಗೆ ಮಾತ್ರ ತೆರೆಯ ಮೇಲಿನ ಚಂದ್ರನ ಲೋಲಕ ಅರ್ಥವಾಗುತ್ತದೆ.

ಹೆತ್ತವರು ಏನು ಮಾಡಬಹುದು?

ಮೊಬೈಲನ್ನು ಕೋಣೆಯೊಳಗೆ ಕೊಡದೆ ಎಲ್ಲರೂ ಓಡಾಡುವ ಚಾವಡಿಯಲ್ಲಿ ಕೊಡಿ. ಹೊತ್ತು ನಿಗದಿ ಮಾಡಿ. ಸಂಜೆ ಅರ್ಧ ಗಂಟೆ ಸಾಕು. ಇಬ್ಬರು ಮಕ್ಕಳಿದ್ದರೆ ಸರದಿ ಹಾಕಿ, ಮಗಳ ಸರದಿಯನ್ನು ಮಗನ ಸರದಿಯಷ್ಟೇ ಕಟ್ಟುನಿಟ್ಟಾಗಿ ಕಾಪಾಡಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಹೋದಾಗ ಬೇಕಾದ ಪಾಠವನ್ನು ಇಳಿಸಿ ತನ್ನಿ, ಮಳೆಗಾಲದಲ್ಲಿ ಕರೆಂಟಿರುವಾಗ ಚಾರ್ಜ್ ಮಾಡಿಡಿ.

ಹತ್ತು ನಿಮಿಷ ವೀಡಿಯೋ ನೋಡಿದ ಮೇಲೆ ಅದನ್ನು ನಿಲ್ಲಿಸಿ, “ಈಗ ಎಂತ ಹೇಳ್ರ್, ನಂಗೂ ಹೇಳ್ ಕಾಂಬ” ಎಂದು ಕೇಳಿ. ನಿಮಗೆ ವಿಜ್ಞಾನ ಬರಬೇಕಾಗಿಲ್ಲ, ಇಂಗ್ಲಿಷೂ ಬರಬೇಕಾಗಿಲ್ಲ. ತನಗೆ ಅರ್ಥವಾದದ್ದನ್ನು ತಾಯಿಗೆ ತಿಳಿಯುವಂತೆ ಮನೆಮಾತಿನಲ್ಲಿ ಹೇಳಲು ಹೊರಟಾಗಲೇ ಮಗುವಿಗೆ ತನಗೆ ಗೊತ್ತಿಲ್ಲದ್ದು ಯಾವುದೆಂದು ಗೊತ್ತಾಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆಸಿ ಮರುದಿನ ಶಾಲೆಗೆ ಕಳಿಸಿ. ಹಾಗೆ ಬರುವ ಪ್ರಶ್ನೆಗಾಗಿ ಕಾಯುವ ಶಿಕ್ಷಕರು ಪ್ರತಿ ಊರಿನಲ್ಲೂ ಇದ್ದಾರೆ.

ಸಾವಿರಾರು ರೂಪಾಯಿ ಕೊಟ್ಟು ಯಾವುದಾದರೂ ಆ್ಯಪ್‌ಗೆ ಚಂದಾ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನನ್ನ ಮಗು ಈಗ ಇರುವ ಮಟ್ಟದಿಂದ ಶುರು ಮಾಡುತ್ತದೆಯೇ? ಮಗುವಿಗೆ ತಿಳಿಯದಿದ್ದಾಗ ಕೇಳಲು ಒಬ್ಬರು ಸಿಗುತ್ತಾರೆಯೇ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆ ಹಣದಲ್ಲಿ ಒಳ್ಳೆಯ ನಾಲ್ಕು ಪುಸ್ತಕ ಮತ್ತು ಓದಲು ಒಂದು ಒಳ್ಳೆಯ ದೀಪ ತಂದುಕೊಡಿ.

ಇನ್ನು ನಮ್ಮ ಹಳ್ಳಿ ಶಾಲೆಗಳ ವಿಚಾರ. ಸ್ಮಾರ್ಟ್ ಬೋರ್ಡ್ ಬಂತು ಎಂದು ಊರವರು ಸಂತೋಷಪಡುವುದು ಸಹಜ. ಶಾಲಾಭಿವೃದ್ಧಿ ಸಮಿತಿಯವರು ಅದರ ಜತೆಗೆ ಇನ್ನೊಂದನ್ನೂ ಕೇಳಬೇಕು. ವಿಜ್ಞಾನಕ್ಕೆ, ಗಣಿತಕ್ಕೆ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯೇ? ಆಗಿಲ್ಲವಾದರೆ ಅರ್ಜಿ ಬರೆಯಬೇಕಾದದ್ದು ಮೊದಲು ಅದಕ್ಕೆ. ಬೋರ್ಡಿಗೆ ದಾನಿಗಳು ಸಿಗುತ್ತಾರೆ, ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಊರಿನ ಹಿರಿಯರೇ ಕೊಡಿಸಿಯಾರು. ಶಿಕ್ಷಕರನ್ನು ದಾನವಾಗಿ ಪಡೆಯಲಾಗದು, ಅವರನ್ನು ಹಕ್ಕಿನಿಂದ ಕೇಳಿಯೇ ಪಡೆಯಬೇಕು.